ನೆರೆಯ ನುಡಿಯೋ, ನೆಂಟ ನುಡಿಯೋ?

'ಪಾಪುವನ್ ಭಾಷೆಗಳು' ಎಂಬ ಮಾತನ್ನು ಕೇಳಿದೊಡನೆ, ದ್ರಾವಿಡ ಭಾಷೆಗಳಂತೆ ಇದೂ ಒಂದು ಭಾಷಾಕುಲದ ಹೆಸರೆಂದು ವಿದ್ಯಾರ್ಥಿಗಳು ಭಾವಿಸುವುದುಂಟು. ವಾಸ್ತವವಾಗಿ ಅದು ಕುಲದ ಹೆಸರಲ್ಲ. ನ್ಯೂಗಿನಿ ಮತ್ತು ಅದರ ಸುತ್ತಣ ದ್ವೀಪಗಳಲ್ಲಿ ಆಸ್ಟ್ರೋನೇಷ್ಯನ್ ಕುಲಕ್ಕೆ ಸೇರದೆ ಉಳಿದ ನೂರಾರು ಭಾಷೆಗಳಿಗೆ ಅನುಕೂಲಕ್ಕಾಗಿ ಇಟ್ಟ ಹೆಸರು. ಇವುಗಳಲ್ಲಿ ಯಾವುದು ಯಾವುದರ ಬಂಧುವೆಂದು ನಿರ್ಣಯಿಸುವುದು ಭಾಷಾವಿಜ್ಞಾನದ ಕಠಿನ ಕಾರ್ಯಗಳಲ್ಲಿ ಒಂದು. ಈ ಕಾರ್ಯದಲ್ಲಿ ಅವಸರ ಕೂಡದು; ವರ್ಗೀಕರಣಕ್ಕೆ ಮುನ್ನ ವ್ಯಾಕರಣ ಸಿದ್ಧವಾಗತಕ್ಕದ್ದು ಎಂಬುದು ನಮ್ಮ ಅಭಿಪ್ರಾಯ. ಓಕ್ಸಪ್ಮಿನ್ ಎಂಬ ಭಾಷೆಯ ವೃತ್ತಾಂತವು ಇದಕ್ಕೆ ಒಳ್ಳೆಯ ನಿದರ್ಶನವಾಗಿದೆ.

ಪಾಪುವಾ ನ್ಯೂಗಿನಿಯ ಸಂಡೌನ್ ಪ್ರಾಂತದ ಪರ್ವತ ಕಣಿವೆಗಳಲ್ಲಿ ಈ ಭಾಷೆಯನ್ನಾಡುವ ಜನರಿದ್ದಾರೆ. ಟೆಲೆಫೋಲ್, ಮಿಯನ್ ಮೊದಲಾದವು ಇದರ ನೆರೆಯ ಭಾಷೆಗಳು. ಆ ನೆರೆಯ ಭಾಷೆಗಳೆಲ್ಲ ಒಂದೇ ಕುಲಕ್ಕೆ ಸೇರಿದವೆಂದು ಆಲನ್ ಹೀಲಿ ಎಂಬ ವಿದ್ವಾಂಸರು 1964ರಲ್ಲಿ ವಿವರಿಸಿದರು. ಅವುಗಳಲ್ಲಿ ಹಲವಕ್ಕೆ ಸಮಾನವಾದ, ನೀರು ಅಥವಾ ನದಿ ಎಂಬರ್ಥದ 'ಓಕ್' ಶಬ್ದವೇ ಆ ಕುಲದ ಹೆಸರಾಯಿತು. ಹಾಗಾದರೆ ಓಕ್ಸಪ್ಮಿನ್ ಭಾಷೆಯೂ ಓಕ್ ಕುಲದ್ದೇ? ಹೆಸರಿನಲ್ಲಿ 'ಓಕ್' ಇದ್ದ ಮಾತ್ರಕ್ಕೆ ಅದು ಸಾಕ್ಷಿಯಾಗದು.

ಹೋಲಿಕೆಗಳೇನೋ ಧಾರಾಳವಾಗಿವೆ. ಓಕ್ಸಪ್ಮಿನ್ ಜನರು ದೇಹದ ಅಂಗಗಳಿಂದಲೇ ಎಣಿಸುವರು. ಒಂದು ಕೈಯ ಹೆಬ್ಬೆರಳಿನಿಂದ ತೊಡಗಿ, ಮಣಿಕಟ್ಟು, ಮೊಳಕೈ, ಹೆಗಲು, ಕಿವಿ, ಕಣ್ಣುಗಳನ್ನು ದಾಟಿ, ಮೂಗನ್ನು 14 ಎಂದೆಣಿಸಿ, ಮತ್ತೊಂದು ಪಾರ್ಶ್ವದಲ್ಲಿ ಇಳಿದು ಕಿರುಬೆರಳಿನಲ್ಲಿ 27ಕ್ಕೆ ನಿಲ್ಲುವರು. ಟೆಲೆಫೋಲ್ ಜನರ ಎಣಿಕೆಯೂ 27ರವರೆಗೆ ಹೋಗುತ್ತದೆ. ಆದರೆ ಎಣಿಸುವ ಪದ್ಧತಿಯನ್ನೂ ಪದಗಳನ್ನೂ ನೆರೆಯವರಿಂದ ಕಲಿಯಬಹುದಷ್ಟೆ? ಕನ್ನಡದಲ್ಲಿ ಸಂಸ್ಕೃತ ಪದಗಳು ಅಸಂಖ್ಯವಾಗಿದ್ದರೂ ಕನ್ನಡವು ಸಂಸ್ಕೃತಜನ್ಯವಲ್ಲ. ತಮಿಳಿನ ಪಾಲ್, ಪಲ್, ಪುಲಿಗಳಿಗೆ ಕನ್ನಡದಲ್ಲಿ ಹಾಲು, ಹಲ್ಲು, ಹುಲಿ ಎಂದು ಪಕಾರಕ್ಕೆ ಹಕಾರವು ಕ್ರಮವಾಗಿ ಎದುರು ನಿಲ್ಲುತ್ತದೆ. ಇಂತಹ ನಿಯಮಬದ್ಧವಾದ ಧ್ವನಿಸಂಬಂಧ ಮತ್ತು ವ್ಯಾಕರಣರೂಪಗಳ ಸಾಮ್ಯವೇ ನಿಜವಾದ ಬಾಂಧವ್ಯದ ಗುರುತು.

ಈ ಪರೀಕ್ಷೆಯನ್ನು ಬದಿಗಿಟ್ಟರೆ ಏನಾಗುವುದೆಂಬುದಕ್ಕೆ ಉದಾಹರಣೆಯಿದೆ. 1971ರಲ್ಲಿ ಜೋಸೆಫ್ ಗ್ರೀನ್‌ಬರ್ಗ್ ಅವರು ಪಾಪುವನ್ ಭಾಷೆಗಳನ್ನೂ, ನಮ್ಮ ಅಂಡಮಾನಿನ ಭಾಷೆಗಳನ್ನೂ, ದೂರದ ಟಾಸ್ಮೇನಿಯದ ಭಾಷೆಗಳನ್ನೂ ಒಂದೇ ಕುಲವೆಂದು ಸಾರಿದರು. ಪದಗಳ ಮೇಲ್ನೋಟದ ಹೋಲಿಕೆಯನ್ನೇ ನೆಚ್ಚಿದ ಆ ವಾದವನ್ನು ಹೆಚ್ಚಿನ ವಿದ್ವಾಂಸರು ಒಪ್ಪಲಿಲ್ಲ. ಓಕ್ಸಪ್ಮಿನ್ ವಿಷಯದಲ್ಲಿ ಆದುದು ಇದಕ್ಕೆ ವಿಪರೀತ. 1975ರಲ್ಲಿ ಸ್ಟೀಫನ್ ವುರ್ಮ್ ಅವರ ವರ್ಗೀಕರಣದಲ್ಲಿ ಅದು 'ಟ್ರಾನ್ಸ್-ನ್ಯೂಗಿನಿ' ಎಂಬ ಮಹಾಸಮೂಹದೊಳಗೆ ಹತ್ತಿರದ ಬಂಧುಗಳಿಲ್ಲದ ಒಂಟಿ ಶಾಖೆಯಾಗಿ ಉಳಿಯಿತು. ಮುಂದೆ ಸೆಬಾಸ್ಟಿಯನ್ ಫೆಡ್ಡನ್ ಅವರು ಮಿಯನ್ ಭಾಷೆಗೆ, ರಾಬಿನ್ ಲಾಖ್ನೇನ್ ಅವರು ಓಕ್ಸಪ್ಮಿನ್ ಭಾಷೆಗೆ ವಿಸ್ತಾರವಾದ ವ್ಯಾಕರಣಗಳನ್ನು ರಚಿಸಿದರು. ಇವರಿಬ್ಬರೂ ಕೂಡಿ 2011ರಲ್ಲಿ ಪದಗಳನ್ನೂ ವ್ಯಾಕರಣರೂಪಗಳನ್ನೂ ತುಲನೆ ಮಾಡಿ, ಓಕ್ಸಪ್ಮಿನ್ ಭಾಷೆಯು ಓಕ್ ಭಾಷೆಗಳಿಗೆ ನೆರೆ ಮಾತ್ರವಲ್ಲ, ನೆಂಟನೂ ಹೌದೆಂದು ತೋರಿಸಿಕೊಟ್ಟರು. ಭಾಷೆಯು ಒಂಟಿಯಾಗಿರಲಿಲ್ಲ, ನಮ್ಮ ಅರಿವು ಅಪೂರ್ಣವಾಗಿತ್ತು.

ಪಾಪುವಾ ನ್ಯೂಗಿನಿಯೊಂದರಲ್ಲಿಯೇ 800ಕ್ಕೂ ಮಿಕ್ಕ ಭಾಷೆಗಳಿರುವಾಗ ಪ್ರತಿಯೊಂದಕ್ಕೂ ವ್ಯಾಕರಣ ಬರೆಯುತ್ತ ಕುಳಿತರೆ ಕೆಲಸ ಮುಗಿಯುವುದೆಂದು ಎಂದು ಕೆಲವರು ಆಕ್ಷೇಪಿಸಬಹುದು. ಆಕ್ಷೇಪವು ನಿರಾಧಾರವಾದುದಲ್ಲ. ಪದಪಟ್ಟಿಗಳಿಂದ ದಾರಿಯ ಸುಳಿವು ದೊರೆಯುವುದು ನಿಜ. ಆದರೆ ಸುಳಿವನ್ನೇ ತೀರ್ಪೆಂದು ತಿಳಿಯಬಾರದು. 1815ರಲ್ಲಿ ಸುಂಬಾವ ದ್ವೀಪದ ತಂಬೋರ ಅಗ್ನಿಪರ್ವತವು ಸಿಡಿದು, ಅದರ ತಪ್ಪಲಿನ ಜನರೊಡನೆ ಅವರ ಭಾಷೆಯೂ ಅಳಿಯಿತು. 1817ರಲ್ಲಿ ರಾಫಲ್ಸ್ ಅವರ ಗ್ರಂಥದಲ್ಲಿ ಅಚ್ಚಾದ ಐವತ್ತರಷ್ಟು ಪದಗಳು ಮಾತ್ರ ಉಳಿದಿವೆ. ಅದು ಆಸ್ಟ್ರೋನೇಷ್ಯನ್ ಕುಲದ್ದಲ್ಲವೆಂದು ಆ ಪಟ್ಟಿಯಿಂದ ಊಹಿಸಬಹುದು. ಅದರ ಬಂಧುಗಳಾರೆಂದು ಹೇಳುವವರು ಇನ್ನಿಲ್ಲ.

ಇಂದು ನ್ಯೂಗಿನಿಯ ಭಾಷೆಗಳು ಅಳಿಯಲು ಅಗ್ನಿಪರ್ವತ ಬೇಕಾಗಿಲ್ಲ. ಹಲವು ಹಳ್ಳಿಗಳಲ್ಲಿ ಮಕ್ಕಳು ಮನೆಮಾತನ್ನು ಬಿಟ್ಟು ಟೋಕ್ ಪಿಸಿನ್ ಭಾಷೆಯನ್ನೇ ಆಡತೊಡಗಿದ್ದಾರೆ. ವಂಶವೃಕ್ಷದ ಚಿತ್ರವನ್ನು ನಾಳೆ ತಿದ್ದಬಹುದು. ಆಡುವವರೇ ಇಲ್ಲದ ಮೇಲೆ ಭಾಷೆಯನ್ನು ಬರೆದುಕೊಳ್ಳುವ ಬಗೆ ಯಾವುದು? ಆದುದರಿಂದ ಇರುವ ಹಣ, ಶ್ರಮ, ಯುವ ವಿದ್ವಾಂಸರ ಉತ್ಸಾಹಗಳು ಮೊದಲು ಸಲ್ಲಬೇಕಾದುದು ಹಳ್ಳಿಯಲ್ಲಿ ಕುಳಿತು ಕೇಳಿ ಬರೆದುಕೊಳ್ಳುವ ಕೆಲಸಕ್ಕೆ. ಪುಸ್ತಕಗಳಲ್ಲಿ ಭಾಷಾಕುಲಗಳ ಬಣ್ಣಬಣ್ಣದ ನಕ್ಷೆಯನ್ನು ಕಂಡಾಗ, ಈ ಬಣ್ಣಕ್ಕೆ ಆಧಾರ ಪದಪಟ್ಟಿಯೋ ವ್ಯಾಕರಣವೋ ಎಂದು ನಮ್ಮ ವಿದ್ಯಾರ್ಥಿಗಳು ಅವಶ್ಯವಾಗಿ ಕೇಳಲಿ.