ತಿದ್ದುಪಡಿಯ ಚರಿತ್ರೆಗೂ ಅಂಕಗಳಿರಲಿ

2005ರ ಏಪ್ರಿಲ್ ತಿಂಗಳಲ್ಲಿ, ಲಿನಕ್ಸ್ ಕರ್ನಲ್ಲಿನ ನಿರ್ಮಾತೃಗಳು ಅದುವರೆಗೆ ಅವಲಂಬಿಸಿದ್ದ ಬಿಟ್‌ಕೀಪರ್ ಎಂಬ, ತಿದ್ದುಪಡಿಗಳ ಚರಿತ್ರೆಯನ್ನು ದಾಖಲಿಸಿಡುವ ಸಾಧನದ ಉಚಿತ ಬಳಕೆಯ ಅವಕಾಶವನ್ನು ಅದರ ಒಡೆಯರು ಹಿಂತೆಗೆದುಕೊಂಡಾಗ, ಆ ಕರ್ನಲ್ಲನ್ನು ಆರಂಭಿಸಿದ ಲಿನಸ್ ಟೊರ್ವಾಲ್ಡ್ಸ್ ಅವರು ಅದೇ ಕೆಲಸಕ್ಕೆಂದು ತಾವೇ ಕುಳಿತು ರಚಿಸತೊಡಗಿದ ಗಿಟ್ ಎಂಬ ತಂತ್ರಾಂಶವು ಇಂದು ಪ್ರೋಗ್ರಾಂ ಬರೆಯುವವರ ನಿತ್ಯದ ಉಪಕರಣವಾಗಿದೆ. ದೇಶದೇಶಾಂತರಗಳಲ್ಲಿದ್ದು, ಒಬ್ಬರ ಮುಖವನ್ನೊಬ್ಬರು ಕಾಣದೆಯೇ ದುಡಿಯುವ ಆ ಕರ್ನಲ್ ನಿರ್ಮಾತೃಗಳಿಗೆ, ಇಂಥ ಸಾಲು ಬದಲಾಯಿತೆಂಬ ವರದಿಯೊಂದೇ ಸಾಲದು; ಏಕೆ ಬದಲಾಯಿತೆಂಬುದು ತಿಳಿಯದ ಹೊರತು ಪರರ ತಿದ್ದುಪಡಿಯನ್ನು ಸ್ವೀಕರಿಸುವುದಾದರೂ ಹೇಗೆ? ಆದುದರಿಂದ ಪ್ರತಿಯೊಂದು ತಿದ್ದುಪಡಿಯೊಡನೆಯೂ ಅದರ ಕಾರಣವನ್ನು ವಿವರಿಸಿ ಬರೆಯುವುದು ಅವರಲ್ಲಿ ಕಟ್ಟುನಿಟ್ಟಾದ ಸಂಪ್ರದಾಯ.

ನಾವು ಹೊಸಬರಿಗೆ ಕಲಿಸುತ್ತಿರುವುದಾದರೋ ಬರಿಯ ಆಜ್ಞೆಗಳನ್ನು. ಆ್ಯಡ್, ಕಮಿಟ್, ಪುಶ್ ಎಂದು ಅರ್ಥವರಿಯದೆ ಬಾಯಿಪಾಠ ಮಾಡಿದ ಹುಡುಗನು, ತೆರೆಯ ಮೇಲೆ ದೋಷಸೂಚನೆಯೊಂದು ಮೂಡಿದೊಡನೆಯೇ ಕಂಗೆಟ್ಟು, ಫೋಲ್ಡರನ್ನೇ ಅಳಿಸಿ ಮತ್ತೆ ಹೊಸದಾಗಿ ಇಳಿಸಿಕೊಳ್ಳುತ್ತಾನೆ. ತಾನು ತಿದ್ದುವ ಫೋಲ್ಡರ್, ದಾಖಲಿಸಲೆಂದು ಆಯ್ದಿಡುವ ಸ್ಟೇಜಿಂಗ್, ದಾಖಲೆಗೊಂಡ ಕಮಿಟ್‌ಗಳ ಭಂಡಾರ ಎಂಬ ಮೂರು ನೆಲೆಗಳನ್ನು ಯಾರೂ ಅವನಿಗೆ ಬಿಡಿಸಿ ಹೇಳಿಲ್ಲ.

ಇವುಗಳಲ್ಲಿ ನಡುವಣ ನೆಲೆಯು ಹೊಸಬರಿಗೆ ನಿರರ್ಥಕವೆಂದು ತೋರುವುದುಂಟು. ನನ್ನ ಮಟ್ಟಿಗೆ ಅತ್ಯಂತ ವಿವೇಕಯುತವಾದುದು ಅದೇ. ಬಡ್ಡಿಯ ಲೆಕ್ಕ ಹಾಕುವ ಪ್ರೋಗ್ರಾಮಿನಲ್ಲಿ ವಿದ್ಯಾರ್ಥಿನಿಯೊಬ್ಬಳು, ಅಧಿಕ ವರ್ಷದ 366 ದಿನಗಳು ಗಣನೆಗೆ ಬರುವಂತೆ ಒಂದು ಫೈಲನ್ನೂ, ರಸೀದಿಯ ತಲೆಬರಹದ ಕಾಗುಣಿತಕ್ಕಾಗಿ ಇನ್ನೊಂದು ಫೈಲನ್ನೂ ಒಂದೇ ಸಂಜೆ ತಿದ್ದಿದಳೆನ್ನೋಣ. ಮೊದಲನೆಯದನ್ನು ಮಾತ್ರ ಆ್ಯಡ್ ಮಾಡಿ ಸ್ಟೇಜಿಂಗಿಗೆ ತಂದು, 'ಅಧಿಕ ವರ್ಷದಲ್ಲಿ ಒಂದು ದಿನದ ಬಡ್ಡಿ ಬಿಟ್ಟುಹೋಗುತ್ತಿತ್ತು. ದಿನಗಳ ಎಣಿಕೆಯನ್ನು ಸರಿಪಡಿಸಿದೆ' ಎಂಬ ಸಂದೇಶದೊಡನೆ ಕಮಿಟ್ ಮಾಡಿ, ಕಾಗುಣಿತವನ್ನು ಬೇರೊಂದು ಕಮಿಟ್ ಆಗಿ ದಾಖಲಿಸಿದಳಾದರೆ, ಮುಂದೆಂದಾದರೂ ಆ ಎಣಿಕೆಯ ಕ್ರಮವೇ ತಪ್ಪೆಂದು ಕಂಡುಬಂದಾಗ, ತಲೆಬರಹವು ಕದಲದಂತೆ ಅದೊಂದನ್ನೇ ರಿವರ್ಟ್ ಮಾಡಿ ಹಿಂತೆಗೆಯಬಹುದು. ಎರಡನ್ನೂ ಒಟ್ಟುಗೂಡಿಸಿ 'ಅಪ್‌ಡೇಟ್' ಎಂದಷ್ಟೇ ಗೀಚಿದ್ದರೆ, ಕೆಲವು ತಿಂಗಳ ತರುವಾಯ ಅವಳ ಉದ್ದೇಶವು ಸ್ವತಃ ಅವಳಿಗೇ ತಿಳಿಯದು. ಓಲೆಗರಿಯ ಪ್ರತಿಗಳಲ್ಲಿ ಪಾಠಭೇದಗಳನ್ನು ಕಂಡ ನಮ್ಮ ಗ್ರಂಥಸಂಪಾದಕರು, ಲಿಪಿಕಾರನು ಬುದ್ಧಿಪೂರ್ವಕವಾಗಿ ತಿದ್ದಿದನೋ ಕೈತಪ್ಪಿ ಬರೆದನೋ ಎಂದು ಊಹಿಸುತ್ತ ಬಳಲಿದ್ದು ಕಾರಣ ಹೇಳುವ ಇಂಥ ಒಂದು ಸಾಲಿನ ಅಭಾವದಿಂದಲೇ ಅಲ್ಲವೆ?

ಕವಲೊಡೆಯುವ ಬ್ರಾಂಚ್, ಕವಲುಗಳನ್ನು ಕೂಡಿಸುವ ಮರ್ಜ್ ಮೊದಲಾದವು ಬಳಿಕ ಅಭ್ಯಾಸದಿಂದಲೇ ಬರುತ್ತವೆ. ಇಬ್ಬರು ಒಂದೇ ಸಾಲನ್ನು ಬೇರೆ ಬೇರೆ ಬಗೆಯಾಗಿ ತಿದ್ದಿದ್ದಲ್ಲಿ, ಗಿಟ್ ತಾನಾಗಿ ನಿರ್ಣಯಿಸದೆ, ಎರಡನ್ನೂ ಮುಂದಿಟ್ಟು ನಮ್ಮ ತೀರ್ಮಾನಕ್ಕಾಗಿ ಕಾಯುತ್ತದೆಂದು ಮೊದಲೇ ತಿಳಿಸಿದರೆ ಅರ್ಧ ಭಯ ನೀಗುತ್ತದೆ.

ನಮ್ಮ ಕಾಲೇಜುಗಳ ಲ್ಯಾಬ್ ರೆಕಾರ್ಡಿನಲ್ಲಿ, ದೋಷವೆಲ್ಲ ಕಳೆದ ಪ್ರೋಗ್ರಾಂ ದುಂಡಗಿನ ಅಕ್ಷರಗಳಲ್ಲಿ ಇರುತ್ತದೆಯೇ ಹೊರತು, ಅದು ಆ ರೂಪಕ್ಕೆ ಬಂದ ಬಗೆಯ ಸುಳಿವು ಲೇಶವೂ ಇರುವುದಿಲ್ಲ. ಪರೀಕ್ಷಕರು ಅದರ ಬದಲಿಗೆ ಕಮಿಟ್ ಸಂದೇಶಗಳ ಪಟ್ಟಿಯಾದ ಗಿಟ್ ಲಾಗನ್ನು ತೆರೆಯಿಸಿ, ಒಂದು ಕಮಿಟ್ ಮೇಲೆ ಬೆರಳಿಟ್ಟು, ಇದನ್ನು ಏಕೆ ಮಾಡಿದೆಯೆಂದು ವೈವಾದಲ್ಲಿ ಕೇಳಿ, ಉತ್ತರಕ್ಕೆ ಅಂಕ ಕೊಡಲಿ. ಇದಕ್ಕೆ ಹೊಸ ಪಠ್ಯವಿಷಯವಾಗಲಿ ಹಣವಾಗಲಿ ಬೇಕಿಲ್ಲ. ಗಿಟ್ ಉಚಿತವಾಗಿ ದೊರೆಯುತ್ತದೆ, ಕಮಿಟ್ ಮಾಡುವುದಕ್ಕೆ ಅಂತರ್ಜಾಲದ ಸಂಪರ್ಕವೂ ಅಗತ್ಯವಿಲ್ಲ.