ಹಾಡಿನ ಭಾಷೆಯೂ ವೇದಿಕೆಯ ಬಾಗಿಲೂ

ನಮ್ಮ ಕನ್ನಡ ಮಾಧ್ಯಮದ ಮಕ್ಕಳಲ್ಲಿ ಕೊರಿಯನ್ ಹಾಡುಗಳನ್ನು ಗುನುಗುವವರು ಈಗ ಅಪರೂಪವಲ್ಲ. ಒಂದಕ್ಷರವೂ ಅರ್ಥವಾಗದ ಆ ಹಾಡುಗಳ ಕುಣಿತದ ಹೆಜ್ಜೆಯನ್ನೂ ಉಚ್ಚಾರದ ಏರಿಳಿತವನ್ನೂ ಅವರು ತಪ್ಪದೆ ಒಪ್ಪಿಸುತ್ತಾರೆ. ಹೆತ್ತವರು ಇದನ್ನು ಕಂಡು ಸೋಜಿಗಪಡುವುದೂ, ಕೆಲವೊಮ್ಮೆ ಕಳವಳಪಡುವುದೂ ಸಹಜ. ನೆಂಟರೆದುರು ಒಂದು ಕನ್ನಡ ಪದ್ಯ ಹೇಳೆಂದರೆ ಬಾಗಿಲ ಮರೆಗೆ ಸರಿಯುವ ಮಗು, ಸಾವಿರಾರು ಮೈಲಿ ಆಚೆಯ ಭಾಷೆಯನ್ನು ಎಳ್ಳಷ್ಟೂ ಸಂಕೋಚವಿಲ್ಲದೆ ಹಾಡುವುದಾದರೂ ಹೇಗೆ? ಮಗುವನ್ನು ಗದರಿಸುವ ಮೊದಲು ಈ ಪ್ರಶ್ನೆಯನ್ನು ಬೇರೊಂದು ಬಗೆಯಲ್ಲಿ ಕೇಳಿಕೊಳ್ಳುವುದು ಒಳಿತು. ಇಂಗ್ಲಿಷೊಂದೇ ಮೆರೆಯುತ್ತಿದ್ದ ಜಗತ್ತಿನ ವೇದಿಕೆಗೆ ಆ ಭಾಷೆಗಳು ಯಾವ ಬಾಗಿಲಿನಿಂದ ಪ್ರವೇಶಿಸಿದವು? ಅಮೆರಿಕದ ಒಂದು ವಾರ್ಷಿಕ ಪ್ರಶಸ್ತಿ ಸಮಾರಂಭದ ಚರಿತ್ರೆಯಲ್ಲಿ ಇದಕ್ಕೆ ಒಂದಿಷ್ಟು ಉತ್ತರವಿದೆ.

ಎಂಟಿವಿ ಎಂಬ ದೂರದರ್ಶನ ವಾಹಿನಿ ನ್ಯೂಯಾರ್ಕಿನಲ್ಲಿ ಆರಂಭವಾದುದು 1981ರ ಆಗಸ್ಟ್ 1ರಂದು. ಹಗಲೂ ರಾತ್ರಿಯೂ ಹಾಡುಗಳ ಚಿತ್ರಣವನ್ನು, ಅಂದರೆ ಮ್ಯೂಸಿಕ್ ವಿಡಿಯೊಗಳನ್ನು, ತೋರಿಸುವುದೇ ಆಗ ಅದರ ಕಸುಬಾಗಿತ್ತು. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ದೃಶ್ಯವನ್ನು ತೋರಿಸಿ, ಅಲ್ಲಿ ನೆಟ್ಟ ಬಾವುಟದ ಜಾಗದಲ್ಲಿ ತನ್ನ ಲಾಂಛನವನ್ನು ಇರಿಸಿ, ವಾಹಿನಿ ತನ್ನ ಪ್ರಸಾರವನ್ನು ಆರಂಭಿಸಿತು. ಮೂರು ವರ್ಷಗಳ ಬಳಿಕ, 1984ರ ಸೆಪ್ಟೆಂಬರ್ 14ರಂದು, ನ್ಯೂಯಾರ್ಕಿನ ರೇಡಿಯೊ ಸಿಟಿ ಮ್ಯೂಸಿಕ್ ಹಾಲ್‌ನಲ್ಲಿ ಹಾಡುಚಿತ್ರಗಳಿಗೆಂದೇ ಮೊದಲ ಪ್ರಶಸ್ತಿ ಪ್ರದಾನ ನಡೆಯಿತು. ಅದೇ ‘ವಿಡಿಯೊ ಮ್ಯೂಸಿಕ್ ಅವಾರ್ಡ್ಸ್’. ಗೆದ್ದವರ ಕೈಗೆ ಬಂದುದು ಬಾವುಟ ಹಿಡಿದ ಗಗನಯಾತ್ರಿಯ ಬೆಳ್ಳಿಬಣ್ಣದ ಪುತ್ಥಳಿ. ಇಂದಿಗೂ ಅದನ್ನೇ ಕೊಡುತ್ತಾರೆ.

ಆ ಮೊದಲ ಇರುಳಿನ ಫಲಿತಾಂಶ ಕುತೂಹಲಕರವಾಗಿದೆ. ವರ್ಷದ ಅತ್ಯುತ್ತಮ ವಿಡಿಯೊ ಎಂಬ ಪದವಿ ‘ದಿ ಕಾರ್ಸ್’ ತಂಡದ ಪಾಲಾಯಿತು. ಮೈಕೆಲ್ ಜಾಕ್ಸನ್ನನ ಸುಪ್ರಸಿದ್ಧ ‘ಥ್ರಿಲ್ಲರ್’ ಮೂರು ಪ್ರಶಸ್ತಿಗಳನ್ನು ಪಡೆಯಿತು. ಆದರೆ ಎಲ್ಲರಿಗಿಂತ ಹೆಚ್ಚು, ಐದು ಪ್ರಶಸ್ತಿಗಳನ್ನು ಬಾಚಿಕೊಂಡುದು ಜಾಝ್ ವಾದಕ ಹರ್ಬಿ ಹ್ಯಾನ್‌ಕಾಕನ ‘ರಾಕಿಟ್’. ಅದು ಕೇವಲ ವಾದ್ಯಸಂಗೀತ. ಹಾಡಿನ ಸಾಹಿತ್ಯವೇ ಅದರಲ್ಲಿಲ್ಲ. ಮನೆಯೊಂದರೊಳಗೆ ಯಂತ್ರಮಾನವರು ಕೈಕಾಲು ಕುಣಿಸುವ ವಿಚಿತ್ರ ಚಿತ್ರ ಅದು; ವಾದಕ ಮಾತ್ರ ಮೂಲೆಯ ಟಿ.ವಿ. ಪೆಟ್ಟಿಗೆಯ ತೆರೆಯಲ್ಲಷ್ಟೇ ಕಾಣಿಸಿಕೊಳ್ಳುತ್ತಾನೆ. ಯಾವ ಭಾಷೆಯೂ ಇಲ್ಲದ ಕೃತಿಯೊಂದು ಮೊದಲ ವರ್ಷವೇ ಇಂಗ್ಲಿಷ್ ಗೀತೆಗಳ ನಡುವೆ ಅಗ್ರಸ್ಥಾನ ಗಳಿಸಿತೆಂಬುದು ನೆನಪಿಡತಕ್ಕ ಸಂಗತಿ.

ಈ ಪ್ರಶಸ್ತಿ ಗಾಯಕನೊಬ್ಬನಿಗೇ ಮೀಸಲಲ್ಲ ಎಂಬುದನ್ನೂ ಮಕ್ಕಳಿಗೆ ತಿಳಿಸಬೇಕು. ನಿರ್ದೇಶನ, ಛಾಯಾಗ್ರಹಣ, ಸಂಕಲನ, ನೃತ್ಯ ಸಂಯೋಜನೆ, ಕಲಾ ನಿರ್ದೇಶನ ಇವಕ್ಕೆಲ್ಲ ಬೇರೆ ಬೇರೆ ಪ್ರಶಸ್ತಿಗಳಿವೆ. 1987ರಲ್ಲಿ ಪೀಟರ್ ಗೇಬ್ರಿಯಲ್ಲನ ‘ಸ್ಲೆಡ್ಜ್‌ಹ್ಯಾಮರ್’ ಒಂದೇ ವರ್ಷದಲ್ಲಿ ಒಂಬತ್ತು ಪ್ರಶಸ್ತಿಗಳನ್ನು ಗಳಿಸಿ ದಾಖಲೆ ನಿರ್ಮಿಸಿತು. ಜೇಡಿಮಣ್ಣಿನ ಗೊಂಬೆಗಳನ್ನೂ ಹಣ್ಣುಹಂಪಲನ್ನೂ ಗಾಯಕನ ಮುಖವನ್ನೂ ಕೂದಲೆಳೆಯಷ್ಟು ಸರಿಸುತ್ತ, ಒಂದೊಂದೇ ಚೌಕಟ್ಟಾಗಿ ತೆಗೆದ ಚಿತ್ರವದು. ಕ್ಷಣಮಾತ್ರದಲ್ಲಿ ಮಾಯವಾಗುವ ಒಂದು ದೃಶ್ಯಕ್ಕೆ ಎಷ್ಟು ಜನರ ಎಷ್ಟು ಹೊತ್ತಿನ ತಾಳ್ಮೆ ಬೇಕಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಇಷ್ಟಾದರೂ ಬಾಗಿಲುಗಳು ಎಲ್ಲರಿಗೂ ತೆರೆದಿದ್ದವೇ? ಇರಲಿಲ್ಲ. ಆರಂಭದ ವರ್ಷಗಳಲ್ಲಿ ಎಂಟಿವಿಯಲ್ಲಿ ಕರಿಯ ಕಲಾವಿದರ ವಿಡಿಯೊಗಳು ಕಾಣಿಸುತ್ತಿದ್ದುದು ಬಲು ಕಡಿಮೆ. 1983ರಲ್ಲಿ ಬ್ರಿಟಿಷ್ ಗಾಯಕ ಡೇವಿಡ್ ಬೋವಿ ಅದೇ ವಾಹಿನಿಯ ಸಂದರ್ಶನಕ್ಕೆ ಕುಳಿತಾಗ, ಪ್ರಶ್ನೆ ಕೇಳಲು ಬಂದವನನ್ನೇ ಈ ಕುರಿತು ಮರುಪ್ರಶ್ನೆ ಮಾಡಿ ಇಕ್ಕಟ್ಟಿಗೆ ಸಿಲುಕಿಸಿದನು. ಅದೇ ವರ್ಷ ಮೈಕೆಲ್ ಜಾಕ್ಸನ್ನನ ಹಾಡುಗಳು ಪ್ರಸಾರವಾಗತೊಡಗಿದ ಮೇಲೆ ಆ ಗೋಡೆ ಬಿರುಕುಬಿಟ್ಟಿತು. ಬಣ್ಣದ ಗೋಡೆ ಬಿರುಕುಬಿಟ್ಟರೂ ಭಾಷೆಯ ಗೋಡೆ ಇನ್ನೂ ಬಹುಕಾಲ ಹಾಗೆಯೇ ನಿಂತಿತ್ತು.

ಇದಕ್ಕೆ 2017ರ ಒಂದು ಪ್ರಸಂಗವೇ ಸಾಕ್ಷಿ. ಪ್ಯೂರ್ಟೊ ರಿಕೊ ಅಮೆರಿಕದ ಆಡಳಿತಕ್ಕೆ ಸೇರಿದ ದ್ವೀಪ. 1917ರಿಂದಲೂ ಅಲ್ಲಿಯ ಜನ ಅಮೆರಿಕದ ನಾಗರಿಕರೇ. ಆದರೆ ಅವರ ಮನೆಮಾತು ಸ್ಪ್ಯಾನಿಷ್. ಒಂದು ಆಡಳಿತದೊಳಗಿದ್ದು ಇನ್ನೊಂದು ಭಾಷೆಯನ್ನು ಬಾಳುವುದೆಂದರೇನೆಂದು ಗಡಿನಾಡಿನ ನಮಗೆ ವಿವರಿಸಿ ಹೇಳಬೇಕಾಗಿಲ್ಲ. ಆ ದ್ವೀಪದ ಲೂಯಿಸ್ ಫಾನ್ಸಿ ಮತ್ತು ಡ್ಯಾಡಿ ಯಾಂಕಿ ಎಂಬವರು ಹಾಡಿದ ‘ದೆಸ್ಪಾಸಿತೊ’ 2017ರ ಜನವರಿಯಲ್ಲಿ ಬಿಡುಗಡೆಯಾಯಿತು. ಅದರ ಚಿತ್ರೀಕರಣ ನಡೆದುದೂ ದ್ವೀಪದ ರಾಜಧಾನಿ ಸಾನ್ ಹುವಾನಿನ ಕಡಲತಡಿಯ ಲಾ ಪೆರ್ಲ ಎಂಬ ಬಡವರ ಕೇರಿಯಲ್ಲಿ. ಅದೇ ಆಗಸ್ಟ್ ತಿಂಗಳಲ್ಲಿ ಅದು ಯೂಟ್ಯೂಬಿನಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ವೀಕ್ಷಣೆ ಪಡೆದ ವಿಡಿಯೊ ಆಯಿತು. 300 ಕೋಟಿ ವೀಕ್ಷಣೆಯ ಗಡಿಯನ್ನು ಮೊದಲು ದಾಟಿದ ವಿಡಿಯೊವೂ ಅದೇ. ಆದರೆ ಅದೇ ತಿಂಗಳ 27ರಂದು ಪ್ರಶಸ್ತಿ ಸಮಾರಂಭ ನಡೆದಾಗ, ವಿಡಿಯೊ ವಿಭಾಗಗಳ ಸ್ಪರ್ಧಿಗಳ ಪಟ್ಟಿಯಲ್ಲಿ ಅದರ ಹೆಸರೇ ಇರಲಿಲ್ಲ! ಆ ವಿಡಿಯೊವನ್ನು ಪರಿಶೀಲನೆಗೆ ಸಲ್ಲಿಸಿರಲಿಲ್ಲ ಎಂಬುದು ವಾಹಿನಿಯ ಸಮಜಾಯಿಷಿ. ಇಂಗ್ಲಿಷಿನಲ್ಲಿ ಹಾಡುವ ಗಾಯಕ ಜಸ್ಟಿನ್ ಬೀಬರನ ದನಿ ಸೇರಿದ್ದ ಅದರ ಮರುರೂಪಕ್ಕೆ ಮಾತ್ರ ಬೇಸಿಗೆಯ ಗೀತೆ ಎಂಬ ವಿಭಾಗದಲ್ಲಿ ಸ್ಥಳ ದೊರೆತಿತ್ತು.

ಸಲ್ಲಿಸಿರಲಿಲ್ಲ ಎಂಬ ಈ ಒಂದು ಮಾತಿನಲ್ಲಿ ಎರಡು ಪಾಠಗಳಿವೆ. ಜಗತ್ತೆಲ್ಲ ನೋಡುತ್ತಿರುವ ಕೃತಿಯನ್ನು ತಾವಾಗಿ ಗಮನಿಸದೆ, ಅರ್ಜಿ ಬಂದಿಲ್ಲವೆಂದು ಕೈತೊಳೆದುಕೊಳ್ಳುವುದು ದೊಡ್ಡವರ ಉದಾಸೀನ. ಇದು ಮೊದಲನೆಯದು. ಎರಡನೆಯದು ನಮ್ಮಂಥವರಿಗೆ ಸಂಬಂಧಿಸಿದುದು. ಈ ವೇದಿಕೆ ನಮ್ಮದಲ್ಲವೆಂದು ಮೊದಲೇ ನಿರ್ಧರಿಸಿ ಹೆಸರನ್ನೇ ಕೊಡದೆ ಉಳಿದರೆ, ಉದಾಸೀನ ಮಾಡಿದವರಿಗೆ ಒಂದು ನೆವ ಒದಗಿಸಿದಂತಾಗುತ್ತದೆ.

ಮುಂದಿನ ಅಧ್ಯಾಯ ಕೊರಿಯದ್ದು. 2019ರಲ್ಲಿ ಸಂಘಟಕರು ‘ಕೆ-ಪಾಪ್’ ಎಂಬ ಹೊಸ ವಿಭಾಗವನ್ನು ತೆರೆದರು. ಕೊರಿಯದ ತಂಡಗಳಿಗೆ ಇದು ಗೌರವವೆಂದು ಅವರು ಭಾವಿಸಿರಬೇಕು. ಆದರೆ ಬಿಟಿಎಸ್ ತಂಡದ ಅಭಿಮಾನಿಗಳು ಸಂತೋಷಪಡುವ ಬದಲು ಪ್ರತಿಭಟಿಸಿದರು. ವರ್ಷದ ಅತ್ಯುತ್ತಮ ವಿಡಿಯೊ, ವರ್ಷದ ಕಲಾವಿದ ಎಂಬ ಹಿರಿಯ ವಿಭಾಗಗಳಲ್ಲಿ ತಮ್ಮವರಿಗೆ ಸ್ಥಾನವಿಲ್ಲ, ಪ್ರತ್ಯೇಕ ಕೋಣೆಯೊಂದನ್ನು ಕಟ್ಟಿ ಅಲ್ಲಿ ಕೂರಿಸಿದ್ದಾರೆ ಎಂಬುದು ಅವರ ಆಕ್ಷೇಪ. ಆ ವರ್ಷ ತಂಡ ಕೆ-ಪಾಪ್ ಪ್ರಶಸ್ತಿಯ ಜೊತೆಗೆ ಅತ್ಯುತ್ತಮ ತಂಡವೆಂಬ ಪ್ರಶಸ್ತಿಯನ್ನೂ ಪಡೆಯಿತು. ಮರುವರ್ಷ ಪ್ರತಿಭಟನೆಗಿಂತಲೂ ಬಲವಾದ ಉತ್ತರ ಬಂತು. ಬಹುಪಾಲು ಕೊರಿಯನ್ ನುಡಿಯಲ್ಲೇ ಇರುವ ‘ಆನ್’ ಎಂಬ ಹಾಡು, ಕೆ-ಪಾಪ್ ವಿಭಾಗವನ್ನಷ್ಟೇ ಅಲ್ಲದೆ, ಇಂಗ್ಲಿಷಿನ ಹೆಸರಾಂತ ಗಾಯಕರಿದ್ದ ‘ಅತ್ಯುತ್ತಮ ಪಾಪ್’ ಎಂಬ ಸಾಮಾನ್ಯ ವಿಭಾಗವನ್ನೂ ಗೆದ್ದಿತು. ತಂಡಕ್ಕೆ ಆ ವರ್ಷ ದೊರೆತ ಪ್ರಶಸ್ತಿಗಳು ಒಟ್ಟು ನಾಲ್ಕು.

ಆದರೆ ಅದೇ 2020ರ ಸಮಾರಂಭಕ್ಕಾಗಿ ಬಿಟಿಎಸ್ ಪ್ರದರ್ಶಿಸಿದ ಹಾಡು ‘ಡೈನಮೈಟ್’, ಆ ತಂಡ ಸಂಪೂರ್ಣ ಇಂಗ್ಲಿಷಿನಲ್ಲಿ ಹಾಡಿದ ಗೀತೆ. ಬಾಗಿಲು ತೆರೆದುಕೊಂಡಾಗಲೂ ಒಳಹೋಗುವವನು ಒಮ್ಮೆ ಮನೆಯೊಡೆಯನ ಭಾಷೆಯಲ್ಲಿ ಮಾತಾಡಬೇಕಾಗುತ್ತದೆ. ಇದನ್ನು ಸೋಲೆಂದು ಹಳಿಯಬೇಕಾಗಿಲ್ಲ. ಮನೆಯೊಳಗೆ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ ಎಂದು ಬಾಳುವ ನಮ್ಮ ಮಕ್ಕಳಿಗೆ ಇಂಥ ನಡೆ ಹೊಸದೂ ಅಲ್ಲ. ಇನ್ನೊಂದು ಭಾಷೆಯನ್ನಾಡಿ ಬಂದ ಮೇಲೆ ಸ್ವಂತ ಭಾಷೆಗೆ ಮರಳುವ ದಾರಿ ನೆನಪಿನಲ್ಲಿರಬೇಕು, ಅಷ್ಟೆ.

ಆ ದಾರಿಯನ್ನು ಬಿಡದೆಯೇ ಗೆದ್ದವನೊಬ್ಬನಿದ್ದಾನೆ. ಅವನೂ ಪ್ಯೂರ್ಟೊ ರಿಕೊದವನು; ವೇದಿಕೆಯ ಮೇಲಿನ ಹೆಸರು ಬ್ಯಾಡ್ ಬನ್ನಿ. 2022ರಲ್ಲಿ ‘ವರ್ಷದ ಕಲಾವಿದ’ ಪ್ರಶಸ್ತಿ ಅವನಿಗೆ ಸಂದಿತು. ಇಂಗ್ಲಿಷೇತರ ಭಾಷೆಯಲ್ಲಿ ಹಾಡುವವನೊಬ್ಬ ಅದನ್ನು ಗೆದ್ದುದು ಅದೇ ಮೊದಲು. ಅಂದು ಅವನು ನ್ಯೂಯಾರ್ಕಿನ ಯಾಂಕಿ ಕ್ರೀಡಾಂಗಣದಲ್ಲಿ ಕಛೇರಿ ನಡೆಸುತ್ತಿದ್ದುದರಿಂದ ಪುತ್ಥಳಿಯನ್ನು ಅಲ್ಲಿಯೇ ಸ್ವೀಕರಿಸಿದನು. ತನ್ನ ಸಂಸ್ಕೃತಿಯನ್ನಾಗಲಿ, ಭಾಷೆಯನ್ನಾಗಲಿ, ಆಡುನುಡಿಯನ್ನಾಗಲಿ ಬದಲಿಸದೆಯೇ ತಾನು ಬೆಳೆಯಬಲ್ಲೆನೆಂದು ಮೊದಲಿನಿಂದಲೂ ನಂಬಿದ್ದೆನೆಂಬ ಅರ್ಥದ ಮಾತನ್ನು ಅವನಾಡಿದುದು ಸ್ಪ್ಯಾನಿಷಿನಲ್ಲಿಯೇ.

ಪ್ರತ್ಯೇಕ ವಿಭಾಗದ ಒಳಗೂ ಸಣ್ಣವರು ದೊಡ್ಡವರೆಂಬ ಭೇದವುಂಟು. ಅದೇ 2022ರಲ್ಲಿ ‘ಅತ್ಯುತ್ತಮ ಲ್ಯಾಟಿನ್’ ಪ್ರಶಸ್ತಿ ಪಡೆದ ಅನಿತ್ತ ಬ್ರೆಜಿಲ್ ದೇಶದವಳು. ಅವಳ ತಾಯ್ನುಡಿ ಪೋರ್ಚುಗೀಸ್. ಆದರೆ ಅವಳಿಗೆ ಗೆಲುವು ತಂದ ಹಾಡು ಸ್ಪ್ಯಾನಿಷಿನದು. ಮರುವರ್ಷ ಅವಳು ತನ್ನ ಊರಾದ ರಿಯೊದ ಕೇರಿಗಳಲ್ಲಿ ಬೆಳೆದ ಫಂಕ್ ಸಂಗೀತವನ್ನೇ ಆಧರಿಸಿದ ಗೀತೆಯೊಂದಿಗೆ ಬಂದು, ಅದೇ ಪ್ರಶಸ್ತಿಯನ್ನು ಮತ್ತೆ ಪಡೆದಳು.

ಹಾಗಾದರೆ ಪ್ರತ್ಯೇಕ ವಿಭಾಗವೆಂಬುದು ಮಾನವೋ ಬೇಲಿಯೋ? ಅದೊಂದು ಜಗಲಿ ಎಂದು ನಾನು ತಿಳಿಯುತ್ತೇನೆ. ಮಳೆಬಿಸಿಲಿನಿಂದ ರಕ್ಷಣೆ ಅಲ್ಲಿ ಸಿಗುತ್ತದೆ; ಬಂದವನು ದಣಿವಾರಿಸಿಕೊಂಡು ಒಳಹೋಗಬಹುದು. ಜಗಲಿಯೇ ಬೇಡವೆಂದು ಕೆಡವಿದರೆ ಸಣ್ಣ ಭಾಷೆಯವನು ಅಂಗಳದಲ್ಲಿ ತೊಯ್ಯಬೇಕಾದೀತು. ಜಗಲಿಯೇ ಸಾಕೆಂದು ಕುಳಿತರೆ ಒಳಮನೆಯ ಊಟ ಯಾರದೋ ಪಾಲಾದೀತು.

ನಮ್ಮ ಕಾಸರಗೋಡಿನ ಮಕ್ಕಳಿಗೆ ಈ ಎರಡೂ ಸ್ಥಳಗಳು ಪರಿಚಿತವೇ. ಕೇರಳ ಶಾಲಾ ಕಲೋತ್ಸವದಲ್ಲಿ ಕನ್ನಡ ಪದ್ಯ ಹೇಳುವ ಸ್ಪರ್ಧೆಯೂ ಕನ್ನಡ ಭಾಷಣ ಸ್ಪರ್ಧೆಯೂ ಇವೆ. ಅವು ನಮ್ಮ ಜಗಲಿ, ಅವನ್ನು ಕಾಪಾಡಿಕೊಳ್ಳಲೇಬೇಕು. ಯಕ್ಷಗಾನವೂ ಆ ಕಲೋತ್ಸವದ ಸ್ಪರ್ಧೆಗಳಲ್ಲೊಂದು. ಚೆಂಡೆ ಮದ್ದಳೆಗಳ ನಾದದೊಡನೆ ಕನ್ನಡದ ಅರ್ಥಗಾರಿಕೆ ರಾಜ್ಯದ ವೇದಿಕೆಯನ್ನೇರುವಾಗ, ಭಾಷೆ ಬಾರದ ಪ್ರೇಕ್ಷಕನೂ ಕುಳಿತು ನೋಡುತ್ತಾನೆ. ಇನ್ನು ಮೂಕಾಭಿನಯ, ಚಿತ್ರರಚನೆ, ವಾದ್ಯವಾದನ ಇವುಗಳಿಗೆ ‘ರಾಕಿಟ್’ನಂತೆ ಭಾಷೆಯ ಹಂಗೇ ಇಲ್ಲ. ಆದರೂ ಕನ್ನಡ ಮಾಧ್ಯಮದ ಮಗುವಿಗೆ ಕನ್ನಡದ ಸ್ಪರ್ಧೆಯೇ ಸಾಕೆಂದು ನಾವು, ಹಿರಿಯರು, ಎಷ್ಟು ಬಾರಿ ತೀರ್ಪು ಕೊಟ್ಟುಬಿಡುವುದಿಲ್ಲ!

ಕೊನೆಯದಾಗಿ ಹೆತ್ತವರಲ್ಲಿ ಒಂದು ವಿನಂತಿ. ಈ ಪ್ರಶಸ್ತಿ ಸಮಾರಂಭಗಳಲ್ಲಿ ಮಕ್ಕಳಿಗೆ ತಕ್ಕುದಲ್ಲದ ಉಡುಗೆ, ಮಾತು, ಕುಣಿತ ಬೇಕಾದಷ್ಟಿರುತ್ತದೆ. 2009ರಲ್ಲಿ ಟೇಲರ್ ಸ್ವಿಫ್ಟ್ ಎಂಬ ಎಳೆಯ ಗಾಯಕಿ ಪ್ರಶಸ್ತಿ ಸ್ವೀಕರಿಸುತ್ತಿರುವಾಗ ಕಾನ್ಯೆ ವೆಸ್ಟ್ ವೇದಿಕೆಗೆ ನುಗ್ಗಿ ಧ್ವನಿವರ್ಧಕವನ್ನು ಕಸಿದುಕೊಂಡ ಅಸಭ್ಯ ಪ್ರಸಂಗವೇ ಅನೇಕರ ನೆನಪಿನಲ್ಲಿ ಉಳಿದಿದೆ. ಆದುದರಿಂದ ಎಲ್ಲವನ್ನೂ ಮಗುವಿನ ಕೈಗೆ ಬಿಟ್ಟುಬಿಡುವುದು ತರವಲ್ಲ; ಎಲ್ಲವನ್ನೂ ನಿಷೇಧಿಸುವುದೂ ಆಗದ ಮಾತು. ಅದರ ಬದಲು ಮಗು ಮೆಚ್ಚಿದ ಹಾಡೊಂದನ್ನು ಆರಿಸಿ, ಒಂದು ಸಂಜೆ ಅದರ ಜೊತೆ ಕುಳಿತುಕೊಳ್ಳಿರಿ. ಮೊದಲು ಸದ್ದಡಗಿಸಿ ಚಿತ್ರವನ್ನಷ್ಟೇ ನೋಡಿರಿ: ಕ್ಯಾಮರಾ ಎಲ್ಲಿದೆ, ದೃಶ್ಯ ಎಷ್ಟು ಬೇಗ ಬದಲಾಗುತ್ತದೆ, ಬೆಳಕು ಯಾವ ಕಡೆಯಿಂದ ಬೀಳುತ್ತದೆ ಎಂದು ಮಗುವೇ ಹೇಳಲಿ. ಬಳಿಕ ತೆರೆಯನ್ನು ಮುಚ್ಚಿ ಹಾಡನ್ನಷ್ಟೇ ಕೇಳಿರಿ. ಕಣ್ಣು ಮೆಚ್ಚಿದುದನ್ನು ಕಿವಿಯೂ ಮೆಚ್ಚುತ್ತದೆಯೇ ಎಂದು ವಿಚಾರಿಸಿರಿ. ಅನಂತರ ಕನ್ನಡದ ಒಂದು ಪದ್ಯವನ್ನು ಎತ್ತಿಕೊಂಡು, ಇದಕ್ಕೆ ಚಿತ್ರ ತೆಗೆಯುವುದಾದರೆ ಮೊದಲ ದೃಶ್ಯ ಯಾವುದೆಂದು ಕೇಳಿರಿ. ಬಾಗಿಲ ಮರೆಗೆ ಸರಿಯುತ್ತಿದ್ದ ಮಗು ಆಗ ಅಡಿಕೆ ತೋಟವನ್ನೋ, ಹೊಳೆಯ ಸಂಕವನ್ನೋ, ಶಾಲೆಯ ಗಂಟೆಯನ್ನೋ ಹೆಸರಿಸೀತು.

ಮುಂದಿನ ಬಾರಿ ಶಾಲೆಯಿಂದ ಸ್ಪರ್ಧೆಗಳ ಪಟ್ಟಿ ಮನೆಗೆ ಬಂದಾಗ ಕನ್ನಡದ ವಿಭಾಗಕ್ಕೆ ಮಗುವಿನ ಹೆಸರನ್ನು ಮರೆಯದೆ ಬರೆಯಿಸಿರಿ. ಆದರೆ ಅಲ್ಲಿಗೇ ಕಾಗದವನ್ನು ಮಡಚಿಡದೆ, ಪಟ್ಟಿಯನ್ನು ಕೊನೆಯ ಸಾಲಿನವರೆಗೂ ಮಗುವಿನೊಡನೆ ಓದಿರಿ.