ಮರಳುಗಾಡಿನಲ್ಲಿ ಕತ್ತಲಿಗಿಂತ ಬಿಸಿಲಿಗೆ ಹೆದರಿ

ಕಾಲೇಜು ಮುಗಿಸಿದ ಮಗಳೋ ಮಗನೋ ಒಂದು ದಿನ, "ಅಮ್ಮಾ, ಕೆಲಸಕ್ಕೆ ಸೇರುವ ಮೊದಲು ಪೆಸಿಫಿಕ್ ಕ್ರೆಸ್ಟ್ ಟ್ರೇಲ್ ನಡೀಬೇಕು ಅಂತಿದ್ದೀನಿ" ಅಂದರೆ ನಿಮಗೆ ಅರ್ಧ ಹೆಮ್ಮೆ, ಅರ್ಧ ಗಾಬರಿ. "ಮರಳುಗಾಡಿನ ಭಾಗವನ್ನ ರಾತ್ರಿ ನಡೀತೀವಿ" ಅಂತ ಸೇರಿಸಿದರೆ ಹೆಮ್ಮೆ ಹೋಗಿ ಪೂರ್ತಿ ಗಾಬರಿಯೇ ಉಳಿಯುತ್ತದೆ. ದೀಪ ಹಚ್ಚುವ ಹೊತ್ತಿಗೆ ಮನೆ ಸೇರಬೇಕು ಎಂದು ಕೇಳುತ್ತ ಬೆಳೆದವರಲ್ಲವೇ ನಾವು? ಆದರೆ ಆ ಎರಡು ಮಾತುಗಳಲ್ಲಿ ನಿಮಗೆ ಧೈರ್ಯ ಕೊಡಬೇಕಾದದ್ದು ಎರಡನೆಯದೇ. ಯಾಕೆಂದು ನೋಡೋಣ.

ಈ ಟ್ರೇಲ್ ಮೆಕ್ಸಿಕೊ ಗಡಿಯ ಕ್ಯಾಂಪೊ ಎಂಬ ಪುಟ್ಟ ಊರಿನ ಬಳಿ ಶುರುವಾಗಿ ಕ್ಯಾಲಿಫೋರ್ನಿಯಾ, ಆರೆಗನ್, ವಾಷಿಂಗ್ಟನ್ ದಾಟಿ ಕೆನಡಾ ಗಡಿ ಮುಟ್ಟುತ್ತದೆ. ಒಟ್ಟು 2,650 ಮೈಲಿ. ಅದರಲ್ಲಿ ಮೊದಲ 700 ಮೈಲಿಯಷ್ಟು ದಕ್ಷಿಣ ಕ್ಯಾಲಿಫೋರ್ನಿಯಾದ ಒಣನಾಡು. ಉತ್ತರಕ್ಕೆ ನಡೆಯುವ ಹೆಚ್ಚಿನವರು ಏಪ್ರಿಲ್, ಮೇ ತಿಂಗಳಲ್ಲಿ ಹೊರಡುತ್ತಾರೆ. ಬೇಗ ಹೊರಟರೆ ಮುಂದಿನ ಸಿಯೆರಾ ಬೆಟ್ಟಗಳಲ್ಲಿ ಹಿಮ ಕರಗಿರುವುದಿಲ್ಲ. ತಡವಾದರೆ ವಾಷಿಂಗ್ಟನ್ ಮುಟ್ಟುವಷ್ಟರಲ್ಲಿ ಹೊಸ ಹಿಮ ಬೀಳತೊಡಗುತ್ತದೆ. ಹಾಗಾಗಿ ಮರಳುಗಾಡಿನ ಬಿಸಿಲನ್ನು ತಪ್ಪಿಸುವುದಕ್ಕೆ ತಿಂಗಳು ಬದಲಿಸಿ ಪ್ರಯೋಜನವಿಲ್ಲ, ಗಂಟೆ ಬದಲಿಸಬೇಕು.

ಇದು ಚೆನ್ನಾಗಿ ಗೊತ್ತಾಗುವುದು ಮೊಹಾವಿ ಮರಳುಗಾಡಿನ ಪಶ್ಚಿಮದ ಅಂಚಿನಲ್ಲಿ. ಓವೆನ್ಸ್ ಕಣಿವೆಯಿಂದ ಲಾಸ್ ಏಂಜಲೀಸ್ ನಗರಕ್ಕೆ ನೀರು ತರಲು 1913ರಲ್ಲಿ ಮುಗಿಸಿದ ಕಾಲುವೆಯ ಜೊತೆಗೇ ಇಲ್ಲಿ ದಾರಿ ಸಾಗುತ್ತದೆ. ನೆಲ ಚಪ್ಪಟೆ, ನೆರಳು ಇಲ್ಲವೇ ಇಲ್ಲ ಎನ್ನಬಹುದು. ಕಾಲುವೆ ಮುಚ್ಚಿದ್ದು, ಕಾಲಡಿಯಲ್ಲೇ ನೀರಿದ್ದರೂ ಮೊಗೆದು ಕುಡಿಯುವಂತಿಲ್ಲ. ದಾರಿ ಸಮತಟ್ಟಾಗಿರುವುದರಿಂದ ಹೆಡ್‌ಲ್ಯಾಂಪ್ ಬೆಳಕಿನಲ್ಲಿ ನಡೆಯುವುದು ಕಷ್ಟವಲ್ಲ. ಬಹಳ ಜನ ಈ ಭಾಗವನ್ನು ರಾತ್ರಿಗೇ ಇಟ್ಟುಕೊಳ್ಳುತ್ತಾರೆ.

ದೇಹದ ಲೆಕ್ಕ

ನಮ್ಮ ಚರ್ಮದ ಉಷ್ಣತೆ ಸುಮಾರು 35 ಡಿಗ್ರಿ ಸೆಲ್ಸಿಯಸ್. ಗಾಳಿ ಅದಕ್ಕಿಂತ ತಂಪಾಗಿದ್ದರೆ ದೇಹದ ಶಾಖ ತಾನಾಗಿಯೇ ಹೊರಗೆ ಹೋಗುತ್ತದೆ. ಗಾಳಿ ಅದಕ್ಕಿಂತ ಬಿಸಿಯಾದರೆ ಶಾಖ ಒಳಗೆ ಬರುತ್ತದೆ, ಆಗ ಉಳಿಯುವ ಒಂದೇ ದಾರಿ ಬೆವರು. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋಕ್ಯಾಲರಿ ಶಾಖ ಹೋಗುತ್ತದೆ. ಒಳ್ಳೆಯ ವ್ಯವಸ್ಥೆಯೇ, ಆದರೆ ಆ ನೀರನ್ನೆಲ್ಲ ಬೆನ್ನ ಮೇಲೆ ಹೊರಬೇಕು, ಲೀಟರಿಗೆ ಒಂದು ಕಿಲೋದಂತೆ. ಮಧ್ಯಾಹ್ನದ ಬಿಸಿಲು ಚದರ ಮೀಟರಿಗೆ ಸಾವಿರ ವ್ಯಾಟ್‌ನಷ್ಟು ಶಾಖ ಸುರಿಯುತ್ತದೆ, ಅಂದರೆ ಪಕ್ಕದಲ್ಲೇ ರೂಮ್ ಹೀಟರ್ ಹಚ್ಚಿಕೊಂಡು ನಡೆದ ಹಾಗೆ. ರಾತ್ರಿ ನಡೆದರೆ ಆ ಹೀಟರ್ ಆರಿರುತ್ತದೆ, ನೀರೂ ಕಡಿಮೆ ಸಾಕು.

ಚಿಕ್ಕ ಮಕ್ಕಳಿಗೆ ಈ ಲೆಕ್ಕ ಇನ್ನೂ ಬಿಗಿ. ತೂಕಕ್ಕೆ ಹೋಲಿಸಿದರೆ ಅವರ ಚರ್ಮದ ಹರವು ಹೆಚ್ಚು. ಹಾಗಾಗಿ ಸುಡುವ ಗಾಳಿಯಲ್ಲಿ ದೊಡ್ಡವರಿಗಿಂತ ಬೇಗ ಕಾಯುತ್ತಾರೆ. ಆಟದ ಗುಂಗಿನಲ್ಲಿ ಬಾಯಾರಿಕೆಯನ್ನೂ ಹೇಳುವುದಿಲ್ಲ.

ಯಾವ ರಾತ್ರಿ, ಯಾವ ಹೊತ್ತು?

ಸೂರ್ಯ ಮುಳುಗಿದ ಕೂಡಲೇ ತಂಪಾಗುವುದಿಲ್ಲ. ಹಗಲೆಲ್ಲ ಕಾದ ಕಲ್ಲು, ಮರಳು ಗಂಟೆಗಟ್ಟಲೆ ಶಾಖ ಬಿಡುತ್ತವೆ. ಇಪ್ಪತ್ನಾಲ್ಕು ಗಂಟೆಗಳಲ್ಲಿ ಅತಿ ತಂಪಾದ ಹೊತ್ತು ಸೂರ್ಯೋದಯದ ಆಸುಪಾಸು. ಮಕ್ಕಳ ಜೊತೆ ಜೋಶುವಾ ಟ್ರೀಗೋ ಗ್ರ್ಯಾಂಡ್ ಕ್ಯಾನಿಯನ್‌ಗೋ ಬೇಸಿಗೆಯಲ್ಲಿ ಹೋಗುವುದಾದರೆ ಸಂಜೆ ಏಳಕ್ಕೆ ಹೊರಡುವುದಕ್ಕಿಂತ ಬೆಳಗಿನ ಜಾವ ನಾಲ್ಕಕ್ಕೆ ಹೊರಡುವುದು ಲೇಸು. ನಿದ್ದೆಯೂ ಆಗಿರುತ್ತದೆ, ಸ್ವಲ್ಪ ಹೊತ್ತಿನಲ್ಲೇ ಬೆಳಕೂ ಬರುತ್ತದೆ. ಬೇಸಿಗೆಯಲ್ಲಿ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಕಣಿವೆಯೊಳಗೆ ನಡೆಯಬೇಡಿ ಎಂದು ಗ್ರ್ಯಾಂಡ್ ಕ್ಯಾನಿಯನ್ ಪಾರ್ಕಿನವರೇ ಹೇಳುತ್ತಾರೆ.

ನಮ್ಮವರಿಗೆ ಇದು ಹೊಸದಲ್ಲ. ಯುಗಾದಿಗೆ ಮುಂಚೆ ಉತ್ತರ ಕರ್ನಾಟಕದಿಂದ ಶ್ರೀಶೈಲಕ್ಕೆ ಪಾದಯಾತ್ರೆ ಹೋಗುವವರನ್ನು ನೆನೆಸಿಕೊಳ್ಳಿ. ನಸುಕಿನಲ್ಲಿ ಹೊರಟು, ಮಧ್ಯಾಹ್ನ ನೆರಳಲ್ಲಿ ಒರಗಿ, ಹೊತ್ತು ಇಳಿದ ಮೇಲೆ ಮತ್ತೆ ಹೆಜ್ಜೆ ಹಾಕುತ್ತಾರೆ.

ಗಲ್ಫ್‌ನಲ್ಲಿರುವ ಓದುಗರಿಗೆ ಒಂದು ಎಚ್ಚರಿಕೆ. ಮೊಹಾವಿಯ ಗಾಳಿ ಒಣ, ಆಕಾಶ ನಿರ್ಮಲ, ಅದಕ್ಕೇ ಅಲ್ಲಿ ರಾತ್ರಿ ಚೆನ್ನಾಗಿ ತಣಿಯುತ್ತದೆ. ದುಬೈ, ದೋಹಾದಂಥ ಕಡಲತೀರದ ಊರುಗಳಲ್ಲಿ ಬೇಸಿಗೆಯ ರಾತ್ರಿಯೂ 30 ಡಿಗ್ರಿ ದಾಟಿರುತ್ತದೆ, ಮೇಲೆ ತೇವ ಬೇರೆ. ಬೆವರು ಆವಿಯಾಗದೆ ಸುಮ್ಮನೆ ಹರಿದುಹೋಗುತ್ತದೆ. ಅಲ್ಲಿ ರಾತ್ರಿ ನಡಿಗೆ ಬೇಸಿಗೆಗೆ ಮದ್ದಲ್ಲ, ಚಳಿಗಾಲಕ್ಕೆ ಕಾಯುವುದೇ ಸರಿ.

ಕತ್ತಲು ಕೇಳುವ ಬೆಲೆ

ರಾತ್ರಿಗೂ ಅದರದೇ ಅಪಾಯಗಳಿವೆ. ಬಿಸಿಲ ದಿನಗಳಲ್ಲಿ ರ‍್ಯಾಟಲ್‌ಸ್ನೇಕ್ ಹಾವುಗಳೂ ನಮ್ಮ ಹಾಗೇ ತಂಪು ಹೊತ್ತಿನಲ್ಲಿ ಓಡಾಡುತ್ತವೆ. ಕಿವಿಗೆ ಇಯರ್‌ಫೋನ್ ಬೇಡ, ಬೆಳಕು ಬೀಳದ ಕಡೆ ಕಾಲಾಗಲಿ ಕೈಯಾಗಲಿ ಇಡಬಾರದು. ಚೇಳುಗಳೂ ಇರುತ್ತವೆ. ಅವು ಅಲ್ಟ್ರಾವಯಲೆಟ್ ಟಾರ್ಚಿಗೆ ಹಸಿರು ನೀಲಿಯಾಗಿ ಹೊಳೆಯುತ್ತವೆ. ಮಲಗುವ ಜಾಗವನ್ನು ಒಮ್ಮೆ ಹೀಗೆ ನೋಡಿಕೊಳ್ಳಬಹುದು, ಮಕ್ಕಳಿಗೆ ಅದೇ ಒಂದು ಮೋಜು. ಕವಲುದಾರಿ ಕಣ್ತಪ್ಪುವುದೂ ಕತ್ತಲಲ್ಲೇ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಅರ್ಧ ಗಂಟೆ ಬೇಕು, ಒಂದು ಬಿಳಿ ದೀಪ ಅದನ್ನು ಕ್ಷಣದಲ್ಲಿ ಕೆಡಿಸುತ್ತದೆ. ನಿಂತು ನಕ್ಷೆ ನೋಡುವಾಗ ಕೆಂಪು ದೀಪ ಹಾಕಿಕೊಂಡರೆ ಒಳ್ಳೆಯದು. ಹುಣ್ಣಿಮೆಯ ಆಸುಪಾಸಿನ ದಿನಗಳಾದರೆ ರಾತ್ರಿಯ ಬಹುಪಾಲು ಬೆಳದಿಂಗಳೇ ಇರುತ್ತದೆ.

ಎಲ್ಲಕ್ಕಿಂತ ದೊಡ್ಡ ಬೆಲೆ ನಿದ್ದೆ. ರಾತ್ರಿಯೆಲ್ಲ ನಡೆದು ಹಗಲು ಟೆಂಟಿನಲ್ಲಿ ಬೇಯುತ್ತ ಮಲಗಿದರೆ ಮರುದಿನದ ತೀರ್ಮಾನಗಳು ಮಂಕಾಗುತ್ತವೆ. ರಾತ್ರಿ ನಡೆಯುವವರಿಗೆ ಹಗಲಿನ ನೆರಳು ಎಲ್ಲಿದೆ ಎಂಬುದು ಮೊದಲೇ ಗೊತ್ತಿರಬೇಕು.

ನೀವು ಕೇಳಬೇಕಾದ ಪ್ರಶ್ನೆಗಳು

"ಬೇಡ" ಅನ್ನುವ ಬದಲು ಇವನ್ನು ಕೇಳಿ:

- ಮುಂದಿನ ನೀರು ಎಷ್ಟು ಮೈಲಿ ದೂರ? ಪುಣ್ಯಾತ್ಮರು ದಾರಿಯಲ್ಲಿ ನೀರಿನ ಕ್ಯಾನ್ ಇಟ್ಟಿರುತ್ತಾರೆ, ಆದರೆ ಅದನ್ನೇ ನಂಬಿ ಹೊರಡುವಂತಿಲ್ಲ.
- ಉಪ್ಪಿನಂಶ ಏನು ತಿನ್ನುತ್ತೀರಿ? ಬರೀ ನೀರನ್ನೇ ವಿಪರೀತ ಕುಡಿದರೆ ರಕ್ತದ ಸೋಡಿಯಂ ಇಳಿದು ಅದೂ ಪ್ರಾಣಕ್ಕೆ ಬರಬಹುದು.
- ಫೋನ್ ಸಿಗ್ನಲ್ ಇಲ್ಲದಲ್ಲಿ ಸ್ಯಾಟಲೈಟ್ ಸಾಧನ ಇದೆಯೇ? ದಿನಕ್ಕೊಂದು ಮೆಸೇಜು ಎಷ್ಟು ಹೊತ್ತಿಗೆ?
- ಜೊತೆಗಾರರು ತೊದಲಿದರೆ, ತೂರಾಡಿದರೆ, ಅಸಂಬದ್ಧ ಮಾತಾಡಿದರೆ ಏನು ಮಾಡುತ್ತೀರಿ? ಉತ್ತರ ಇದು: ಅದು ಹೀಟ್ ಸ್ಟ್ರೋಕ್ ಇರಬಹುದು. ತಕ್ಷಣ ನೆರಳಿಗೆ ಒಯ್ದು, ಮೈಗೆ ನೀರು ಹಾಕಿ ಗಾಳಿ ಬೀಸುತ್ತ, ತುರ್ತು ಸಹಾಯ ಕರೆಯಬೇಕು.

ಇನ್ನೊಂದು ವಿಷಯ. ನಮ್ಮ ಮಕ್ಕಳಿಗೆ ಹಿಡಿದ ಕೆಲಸ ಬಿಡಬಾರದು ಎಂದು ನಾವೇ ಕಲಿಸಿದ್ದೇವೆ. ಮರಳುಗಾಡಿನಲ್ಲಿ ಆ ಪಾಠ ಅಪಾಯಕಾರಿ. ಹಿಂದಿರುಗಿದರೆ ಅಪ್ಪ ಅಮ್ಮ ಏನಂದುಕೊಳ್ಳುತ್ತಾರೋ ಎಂಬ ಅಳುಕಿಗೆ ಯಾರೂ ಬಿಸಿಲಲ್ಲಿ ಇನ್ನೊಂದು ಮೈಲಿ ನಡೆಯುವಂತಾಗಬಾರದು. ಹೊರಡುವ ಮುನ್ನವೇ ಬಾಯಿಬಿಟ್ಟು ಹೇಳಿಬಿಡಿ: "ಯಾವಾಗ ಬೇಕಾದರೂ ವಾಪಸ್ ಬಾ, ಕರೆದುಕೊಂಡು ಹೋಗೋಕೆ ನಾವು ಬರ್ತೀವಿ."